ಬೀಗರೂಟಕ್ಕೆ ದೊಡ್ಡಮ್ಮನ ಬಿಯರ್

ನಮ್ಮ ದೊಡ್ಡಮ್ಮ ದೇವರನ್ನು ನಂಬುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಲ್ಯಾಕ್ಟೋಮೀಟರನ್ನಂತೂ ನಂಬುತ್ತಾಳೆ. ದೇವರಾದರೂ ಒಮ್ಮೊಮ್ಮೆ ಮುಖ ನೋಡಿ ಮಣೆ ಹಾಕುತ್ತಾನೆ, ಈ ಗಾಜಿನ ಕೊಳವೆ ಹಾಕುವುದಿಲ್ಲ ಎಂಬುದು ಅವಳ ವಾದ. ಲ್ಯಾಕ್ಟೋಮೀಟರ್ ಗೊತ್ತಲ್ಲ? ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡಲು ಡೈರಿಯಲ್ಲಿ ಹಾಲಿನೊಳಗೆ ತೇಲಿಬಿಡುತ್ತಾರಲ್ಲ, ಅದು. ಹಾಲು ಗಟ್ಟಿಯಾಗಿದ್ದರೆ ಜಂಬದಿಂದ ತಲೆಯೆತ್ತಿ ತೇಲುತ್ತದೆ. ನೀರು ಬಿದ್ದಿದ್ದರೆ ನಾಚಿಕೊಂಡು ಕೆಳಗಿಳಿಯುತ್ತದೆ.

ಸೂಲಿಬೆಲೆ ಹತ್ತಿರದ ನಮ್ಮೂರಿನ ಮಹಿಳಾ ಡೈರಿಯಲ್ಲಿ ದೊಡ್ಡಮ್ಮ ಅದನ್ನು ಹಿಡಿದು ಕೂತಳೆಂದರೆ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಎದೆ ಢವಢವ. ಸ್ವಂತ ನಾದಿನಿಯ ಹಾಲನ್ನೇ ವಾಪಸು ಕಳಿಸಿದವಳು ಅವಳು! "ಅತ್ಗೆ, ಬೇಸ್ಗೆ ಅಲ್ವಾ, ಹಸ ನೀರು ಜಾಸ್ತಿ ಕುಡುದ್ಬಿಟ್ಟೈತೆ" ಎಂದು ನಾದಿನಿ ರಾಗ ಎಳೆದಳು. "ಹಸ ಕುಡುದಿದ್ದು ಹಸಿನ ಹೊಟ್ಟೇಲಿರ್ತದೆ. ಇದು ನಿಮ್ಮನೆ ಬೋರ್‌ವೆಲ್ ನೀರು, ರುಚಿ ನಂಗೊತ್ತು" ಅಂದಳು ದೊಡ್ಡಮ್ಮ. ಆ ನಾದಿನಿ ಮುಂದಿನ ಹಬ್ಬಕ್ಕೆ ಒಬ್ಬಟ್ಟು ಕಳಿಸಲಿಲ್ಲ.

ಡೈರಿಯ ಕೆಲಸ ಡೈರಿಯಲ್ಲೇ ಬಿಟ್ಟು ಬಂದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಅವಳ ಬಳಿ ಇನ್ನೊಂದು ಲ್ಯಾಕ್ಟೋಮೀಟರ್ ಇದೆ, ಸ್ವಂತದ್ದು. ಅದು ಹತ್ತಿಯಲ್ಲಿ ಸುತ್ತಿಕೊಂಡು ಅವಳ ಎಲೆಅಡಿಕೆ ಚೀಲದಲ್ಲೇ ಇರುತ್ತದೆ. ಮದುವೆ ಮನೆಯ ಮಜ್ಜಿಗೆ, ಹೋಟೆಲಿನ ಸಾಂಬಾರು, ಒಮ್ಮೆ ದೇವಸ್ಥಾನದ ಪಂಚಾಮೃತ, ಯಾವುದನ್ನೂ ಬಿಟ್ಟವಳಲ್ಲ. ಅವಳ ಮಗಳಿಗೆ, ಅಂದರೆ ನನ್ನ ತಂಗಿಗೆ, ಬೂದಿಗೆರೆ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ಅವರ ಮನೆ ನೋಡಲು ಹೋದಾಗ ಉದ್ದನೆಯ ಸ್ಟೀಲ್ ಲೋಟದಲ್ಲಿ ಬಾದಾಮಿ ಹಾಲು ಕೊಟ್ಟರು. ನಾನು ಬೇಡ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಕೇಳಬೇಕಲ್ಲ? ಚೀಲಕ್ಕೆ ಕೈ ಹಾಕಿ, ಕೊಳವೆ ತೆಗೆದು, ಸೆರಗಿನಲ್ಲಿ ಒರೆಸಿ, ಎಲ್ಲರೆದುರಿಗೆ ಲೋಟದೊಳಗೆ ಇಳಿಬಿಟ್ಟಳು. ಗಂಡಿನ ಮನೆಯವರು ಉಸಿರು ಬಿಗಿಹಿಡಿದು ಕೂತರು. ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಸಂಬಂಧ ಒಪ್ಪಿಗೆ" ಅಂದಳು.

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಗಂಡಿನ ಸೋದರಮಾವ ಹೊಟ್ಟೆ ಸವರಿಕೊಂಡು, "ಅಕ್ಕಾ, ಮದ್ವೆ ನೀವು ಹೆಂಗಾನಾ ಮಾಡಿ. ಬೀಗರೂಟಕ್ಕೆ ಮಾತ್ರ ಬಾಡಿನ ಜೊತೆ ಎಣ್ಣೆ ಇರ್ಬೇಕು, ಅಷ್ಟೇ ನಮ್ ಡಿಮ್ಯಾಂಡು" ಅಂದರು. ಎಣ್ಣೆ ಅಂದರೆ ಕುಡಿಯುವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾದ ಮೇಲೆ ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನು ಕರೆದು ಹಾಕುವ ಬಾಡೂಟದಲ್ಲಿ ಅದೂ ಒಂದು ಶಾಸ್ತ್ರದಂತೆಯೇ ನಡೆದುಬಂದಿದೆ. ಪಾಪ, ಅವರಿಗೇನು ಗೊತ್ತು? ದೊಡ್ಡಪ್ಪ ಲೋಟವನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿಕೊಂಡರು.

ದೊಡ್ಡಮ್ಮನಿಗೆ ಒಬ್ಬ ಮಗನಿದ್ದ. ನಾನು ಅಣ್ಣ ಅಣ್ಣ ಎಂದು ಬೆನ್ನಿಗೆ ಬಿದ್ದು ಬೆಳೆದವಳು. ಗೆಳೆಯನ ಮನೆಯ ಬೀಗರೂಟಕ್ಕೆ ಬೈಕಿನಲ್ಲಿ ಹೋದವನು, ವಾಪಸು ಬರುವಾಗ ಕೆರೆ ಏರಿಯ ತಿರುವಿನಲ್ಲಿ ಹೋಗಿಬಿಟ್ಟ. ಆ ಮನೆಯವರು ಒಳ್ಳೆಯವರೇ. ಕುಡಿತ ಬೇಡವೇ ಬೇಡ ಎಂದು ಕಟ್ಟುನಿಟ್ಟು ಮಾಡಿದ್ದರು. ಅದಕ್ಕೇ ಹುಡುಗರು ನೀಲಗಿರಿ ತೋಪಿನ ಹಿಂದೆ ಹೋಗಿ, ಯಾರಾದರೂ ನೋಡಿಯಾರೆಂಬ ಅವಸರದಲ್ಲಿ ನೀರು ಕೂಡ ಬೆರೆಸದೆ ಗಟಗಟ ಕುಡಿದಿದ್ದರು. ಸುದ್ದಿ ಬಂದದ್ದು ಅವನ ಫೋನಿನಿಂದಲೇ. ದೊಡ್ಡಮ್ಮ ಪರದೆಯ ಮೇಲೆ ಮಗನ ಹೆಸರು ನೋಡಿ, "ಎಲ್ಲಿದ್ದೀಯಲಾ, ಊಟ ಆಯ್ತಾ?" ಅಂದಳು. ಅತ್ತ ಕಡೆ ಮಾತಾಡಿದ್ದು ದಾರಿಹೋಕ. ಅಂದಿನಿಂದ ದೊಡ್ಡಪ್ಪ ಕುಡಿಯುವುದನ್ನು ಬಿಟ್ಟರು, ದೊಡ್ಡಮ್ಮ ಆ ರಸ್ತೆಯನ್ನು ಬಿಟ್ಟಳು. ಹೊಸಕೋಟೆಗೆ ಹೋಗುವುದಿದ್ದರೂ ಎರಡೂರು ಬಳಸಿಕೊಂಡು ಹೋಗುತ್ತಾಳೆ. ಯಾಕೆ ಎಂದು ಅವಳನ್ನು ಯಾರೂ ಕೇಳುವುದಿಲ್ಲ.

ಈಗ ಬೀಗರಿಗೆ ಏನು ಹೇಳುವುದು? ವಾಪಸು ಬರುವಾಗ ಕಾರಿನಲ್ಲಿ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಖಡಾಖಂಡಿತವಾಗಿ ಇಲ್ಲ ಅಂದುಬಿಡಿ ಎಂದು ನಮ್ಮಮ್ಮ ಅಂದಳು. ದೊಡ್ಡಮ್ಮ, "ಇಲ್ಲ ಅಂದ್ರೆ ತೋಪಿನ ಹಿಂದಕ್ಕೋಗ್ತಾರೆ" ಅಂದಳು. ಸ್ವಲ್ಪ ದೂರ ಬಂದ ಮೇಲೆ ಅವಳೇ ಮತ್ತೆ, "ನನ್ನ ಕಣ್ಣೆದುರಿಗೇ ಕುಡೀಲಿ. ನಾನೇ ಮಾಡ್ತೀನಿ, ನಾನೇ ಅಳದು ಕೊಡ್ತೀನಿ. ಬಂದೋರು ಬಂದಂಗೇ ಮನೆ ಸೇರ್ಬೇಕು. ಇನ್ನೊಬ್ಬ ತಾಯಿಗೆ ಅಂಥಾ ಫೋನು ಹೋಗಬಾರ್ದು" ಅಂದಳು.

ಹೀಗೆ, ಜೀವಮಾನದಲ್ಲಿ ಒಂದು ಹನಿ ಮುಟ್ಟದ, ಬಾರಿನ ಮುಂದೆ ಹಾಯುವಾಗ ಮೂಗಿಗೆ ಸೆರಗು ಹಿಡಿಯುವ ನಮ್ಮ ದೊಡ್ಡಮ್ಮ ಬಿಯರ್ ಕಾಯಿಸಲು ಹೊರಟಳು! ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ ಎಂದು ನನ್ನನ್ನು ಕೇಳಬೇಡಿ. ನಾನು ಅವಳನ್ನು ಕೇಳಿದ್ದಕ್ಕೆ, "ಅಂಬಲಿ ಹುಳಿ ಬಂದ್ರೆ ಪೊಲೀಸ್ರು ಬರ್ತಾರಾ?" ಅಂದಳು. ನಾನು ಕೆಲಸ ಮಾಡುವ ಹೊಸಕೋಟೆಯ ಆಫೀಸಿನಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹುಚ್ಚಿನವರೊಬ್ಬರಿದ್ದಾರೆ. ಅವರನ್ನು ಕೇಳಿ ಕೇಳಿ ದೊಡ್ಡಮ್ಮನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಬಾರ್ಲಿಯನ್ನು ಮೊಳಕೆ ಕಟ್ಟಿ ಒಣಗಿಸಬೇಕಂತೆ ಅಂದೆ. "ಬಾರ್ಲಿ ಯಾರಿಗೆ ಬೇಕು? ಮೊಳಕೆ ಕಟ್ಟೋದು ನಾನು ಕಾಣದ್ದಾ?" ಎಂದು ರಾಗಿಯ ಮೂಟೆ ಬಿಚ್ಚಿದಳು.

ನೆನೆಸಿ, ಬಿಳಿ ಪಂಚೆಯಲ್ಲಿ ಕಟ್ಟಿ, ಮೊಳಕೆ ಬಂದ ರಾಗಿಯನ್ನು ತಾರಸಿಯ ಮೇಲೆ ಹರಡಿದಳು. ಅಲ್ಲಿಗೆ ಊರಿನ ಬಾಯಿ ತೆರೆಯಿತು. ನಮ್ಮ ಕಡೆ ಮೊಳಕೆ ರಾಗಿ ತಾರಸಿ ಹತ್ತಿತೆಂದರೆ ಒಂದೇ ಅರ್ಥ: ಆ ಮನೆಯಲ್ಲಿ ಮಗುವಿಗೆ ಸರಿ ಹಿಟ್ಟು ತಯಾರಾಗುತ್ತಿದೆ. ಮದುವೆ ಇನ್ನೂ ಆಗಬೇಕು, ಸರಿ ಹಿಟ್ಟು ಈಗಲೇ! ಪಕ್ಕದ ಮನೆಯಾಕೆ ಮೆಟ್ಟಿಲ ಬುಡದಲ್ಲಿ ನಿಂತು, "ಏನಕ್ಕಾ, ಹುಡುಗಿ ಹುಷಾರಾಗವ್ಳಾ?" ಎಂದು ಬಹಳ ಮೆಲ್ಲಗೆ, ಬಹಳ ಪ್ರೀತಿಯಿಂದ ವಿಚಾರಿಸಿದಳು. ತಂಗಿ ಅಳುತ್ತಾ ಕೋಣೆ ಸೇರಿದಳು. ದೊಡ್ಡಮ್ಮ ತಾರಸಿಯ ಮೇಲಿಂದಲೇ ಕೂಗಿ ಹೇಳಿದಳು: "ಇದು ಮಗೀಗಲ್ಲ ಕಣವ್ವಾ, ಬೀಗ್ರಿಗೆ! ಅವ್ರಿಗೂ ಇನ್ನಾ ಹಲ್ಲು ಬಂದಿಲ್ಲ!"

ರಾಗಿಯನ್ನು ತರಿ ಬೀಸಿ, ಹದವಾದ ಬಿಸಿನೀರಿನಲ್ಲಿ ಕಲಸಿ, ಆರದಂತೆ ಪಾತ್ರೆಯ ಸುತ್ತ ಹುಲ್ಲು ಒತ್ತಿ ಇಟ್ಟಳು. ಸಿಹಿಯಾದ ನೀರು ಇಳಿಯಿತು. ಅದನ್ನು ಸೋಸಿ ಕುದಿಸುವಾಗ ಹಾಕಲೆಂದು ನಾನು ಹಾಪ್ಸ್ ಎಂಬ ಕಹಿ ಹೂವಿನ ಪೊಟ್ಟಣ ತರಿಸಿ ಕೊಟ್ಟಿದ್ದೆ. ಮೂಸಿ ನೋಡಿ, "ಈ ಬೂಸಾನ ದುಡ್ಡು ಕೊಟ್ಟು ತಂದ್ಯಾ?" ಎಂದು ಒಂದು ಚಿಟಿಕೆ ಹಾಕಿ, ಉಳಿದದ್ದನ್ನು ಹಸುವಿನ ಮುಂದಿಟ್ಟಳು. ಹಸುವೂ ಮೂಸಿ ಮುಖ ತಿರುಗಿಸಿತು. "ನೋಡ್ದಾ?" ಅಂದಳು ನನಗೆ. ಆಮೇಲೆ ಹಿತ್ತಲಿನ ಚಕ್ಕೋತದ ಸಿಪ್ಪೆ ಹೆರೆದು ಹಾಕಿದಳು. ಬೀದಿಯ ತುದಿಯವರೆಗೂ ಘಮ ಹರಡಿತು. ಆರಿದ ಮೇಲೆ ಲ್ಯಾಕ್ಟೋಮೀಟರ್ ಇಳಿಬಿಟ್ಟಳು. ಸರಿಯಾಗಿ ಹಸುವಿನ ಹಾಲಿನ ಡಿಗ್ರಿ! ಅದಕ್ಕಿಂತ ಗಟ್ಟಿ ಬೇಡ, ಗಟ್ಟಿ ಇದ್ದಷ್ಟೂ ಅಮಲು ಜಾಸ್ತಿ ಎಂದು ನಾನೇ ಹೇಳಿದ್ದೆ. ಹಾಲಿನ ಕ್ಯಾನುಗಳಿಗೆ ತುಂಬಿ, ಯೀಸ್ಟ್ ಪುಡಿಯನ್ನು ಹೆಪ್ಪು ಹಾಕಿದ ಹಾಗೆ ಹಾಕಿ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸಾಲಾಗಿ ಕೂರಿಸಿದಳು.

ಮಾರನೆಯ ದಿನ ಹಾಲು ಕರೆದು ಬಂದವಳು ಮುಚ್ಚಳ ತೆಗೆದು ಅಳೆದಳು. ಡಿಗ್ರಿ ಇಳಿದಿತ್ತು. ಮುಂದಿನ ಬೆಳಿಗ್ಗೆ ಇನ್ನೂ ಇಳಿದಿತ್ತು. ದಿನ ಹೋದಂತೆ ಕೊಳವೆ ಕತ್ತಿನವರೆಗೆ ಮುಳುಗತೊಡಗಿತು. ವರ್ಷಗಟ್ಟಲೆ ಡೈರಿಯಲ್ಲಿ ಕೂತ ಹೆಂಗಸಿಗೆ ಇದಕ್ಕೆ ಬೇರೆ ಅರ್ಥ ಎಲ್ಲಿಂದ ಹೊಳೆಯಬೇಕು? ಡಿಗ್ರಿ ಇಳಿದರೆ ನೀರು ಬಿದ್ದಿದೆ. ನೀರು ಬಿದ್ದಿದ್ದರೆ ಯಾರೋ ಕುಡಿದು, ಕುಡಿದಷ್ಟು ತುಂಬಿಸಿಟ್ಟಿದ್ದಾರೆ. ಮನೆಯಲ್ಲಿ ಕುಡಿದು ಗೊತ್ತಿರುವ ಗಂಡಸು ಯಾರು? ಅದೂ ಅಲ್ಲದೆ ದೊಡ್ಡಪ್ಪ ಆಗಾಗ ಆ ಕೋಣೆಯೊಳಗೆ ಹೋಗಿ ಬರುವುದನ್ನು ಅವಳೇ ನೋಡಿದ್ದಳು.

ಆ ಕೂಡಲೇ ನನಗೆ ಫೋನ್ ಮಾಡಿದಳು. "ಈವಯ್ಯ ಮತ್ತೆ ಶುರು ಹಚ್ಕಂಡವ್ನೆ ಕಣಮ್ಮಾ. ಬಾ ಬೇಗ" ಅಂದಳು. ನಾನು ಹೋಗುವ ಹೊತ್ತಿಗೆ ಹಜಾರದಲ್ಲಿ ನ್ಯಾಯ ಕೂತಾಗಿತ್ತು. ದೊಡ್ಡಪ್ಪ ಕಂಬಕ್ಕೊರಗಿ ನಿಂತಿದ್ದರು. ದೊಡ್ಡಮ್ಮ ಟ್ರಾಫಿಕ್ ಪೊಲೀಸಿನ ಹಾಗೆ ಮುಖದ ಹತ್ತಿರಕ್ಕೆ ಹೋಗಿ, "ಊದಯ್ಯಾ!" ಎನ್ನುತ್ತಿದ್ದಳು. ಆರಡಿ ಎತ್ತರದ ಆ ಮನುಷ್ಯ ಬಗ್ಗಿ ಊದಿದರು. ಬರೀ ಕಡ್ಲೆಪುರಿಯ ವಾಸನೆ. ಅಷ್ಟಕ್ಕೇ ಬಿಡುವವಳೇ ಅವಳು? "ಅವನು ಹೋದ ದಿನ ನೀನು ನನ್ನ ಕೈ ಮುಟ್ಟಿ ಹೇಳಿದ್ದೆ. ಮಗೀನ ಮ್ಯಾಲೆ ಆಣೆ ಮಾಡಿದ್ದೆ. ಈಗ ಆ ಆಣೇಗೂ ನೀರು ಹಾಕ್ಬಿಟ್ಯಾ?" ಅಂದಳು. ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ನನಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು.

ನಾನು ಹೊರಗೆ ಬಂದು ಆಫೀಸಿನ ಆ ಬಿಯರ್ ಹುಚ್ಚಿನವರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು ನಕ್ಕುಬಿಟ್ಟರು. ಡಿಗ್ರಿ ಇಳಿಯಲೇಬೇಕಂತೆ! ಒಳಗಿನ ಸಿಹಿಯನ್ನು ಯೀಸ್ಟ್ ತಿಂದು ಮುಗಿಸುತ್ತಾ ಹೋದಂತೆ ಬಿಯರ್ ಹಗುರಾಗುತ್ತದಂತೆ, ಇಳಿಯದಿದ್ದರೇ ಕೆಟ್ಟಿದೆ ಎಂದು ಅರ್ಥವಂತೆ. ಬಂದು ಹೇಳಿದೆ. ದೊಡ್ಡಮ್ಮ ಕೊಳವೆಯನ್ನು ನೋಡಿದಳು, ಗಂಡನನ್ನು ನೋಡಿದಳು. ತಪ್ಪಾಯಿತು ಎನ್ನುವ ಮಾತು ಅವಳ ನಾಲಗೆಗೆ ಅಭ್ಯಾಸವಿಲ್ಲ. ಒಳಗೆ ಹೋಗಿ ಬಿಸಿ ಮುದ್ದೆ, ಉಪ್ಸಾರು ತಂದು ಅವರ ಮುಂದಿಟ್ಟು, ತುಪ್ಪವನ್ನು ಅಗತ್ಯಕ್ಕಿಂತ ಹೆಚ್ಚಾಗಿಯೇ ಸುರಿದಳು.

ಊಟ ಮುಗಿಸಿ ದೊಡ್ಡಪ್ಪ ನನ್ನನ್ನು ಹಸುಗಳ ಹತ್ತಿರ ಕರೆದುಕೊಂಡು ಹೋದರು.

"ಮಗಾ, ನೀನು ಹೇಳಿದ್ದೇನೋ ಸರಿ. ಆದ್ರೆ ನೀರು ಹಾಕಿದ್ದೂ ನಿಜ."

"ಕುಡಿದ್ರಾ ದೊಡ್ಡಪ್ಪಾ?"

"ಥೂ, ಇಲ್ಲ ಮಗಾ. ಒಂದು ತೊಟ್ಟೂ ಇಲ್ಲ. ಆಗಾಗ ಒಂದೊಂದು ಚೊಂಬು ಹಾಕ್ದೆ ಅಷ್ಟೇ. ಕಾಯ್ಸಿ ಆರಿಸಿದ ನೀರೇ, ಬೋರ್‌ವೆಲ್ದಲ್ಲ."

"ಮತ್ತೆ ಯಾಕೆ ಹಾಕಿದ್ರಿ?"

ಅವರು ಹಸುವಿನ ಬೆನ್ನು ನೇವರಿಸುತ್ತಾ ನಿಂತರು. "ನಿಮ್ದೊಡ್ಡಮ್ಮ ಕುಡುದೋಳಲ್ಲ, ಅವ್ಳಿಗೆ ಅಳತೆ ಗೊತ್ತು, ಎಣ್ಣೆ ಏಟು ಗೊತ್ತಿಲ್ಲ. ನಂಗೊತ್ತು. ಎಲ್ಲಾದ್ರೂ ಜಾಸ್ತಿ ಆಗ್ಬಿಟ್ಟಾತು ಅಂತ ಭಯ ಆಯ್ತು ಮಗಾ. ಅವತ್ತು ಆ ಹುಡುಗ್ರಿಗೆ ಯಾರಾನಾ ಒಂದು ಚೊಂಬು ನೀರು ಕೊಟ್ಟಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಊರವರ ಹಾಲಿನಲ್ಲೆಲ್ಲ ನೀರು ಕಂಡುಹಿಡಿಯುವವಳ ಮನೆಯಲ್ಲೇ ಕಳ್ಳ! ಆ ಕಳ್ಳನನ್ನು ಹಿಡಿದುಕೊಡುವ ಮನಸ್ಸು ಮಾತ್ರ ನನಗೆ ಬರಲಿಲ್ಲ.

ಹಿಡಿದುಕೊಡುವ ಅಗತ್ಯವೂ ಬೀಳಲಿಲ್ಲ. ಮದುವೆ ಚೆನ್ನಾಗಿ ನಡೆಯಿತು. ಬೀಗರೂಟದ ಬೆಳಿಗ್ಗೆ, ಅತ್ತ ಶಾಮಿಯಾನದ ಹಿಂದೆ ಬಾಡಿನ ಹಂಡೆ ಕುದಿಯುತ್ತಿರುವಾಗ, ದೊಡ್ಡಮ್ಮ ಕ್ಯಾನುಗಳ ಮುಚ್ಚಳ ತೆಗೆದಳು. ಒಳಗೆ ಮೊದಲ ದಿನಗಳ ನೊರೆ ಒಣಗಿ ಒಂದು ಗೆರೆ ಮೂಡಿತ್ತು. ಬಿಯರ್ ಆ ಗೆರೆಯನ್ನು ಮುಳುಗಿಸಿ ಮೇಲೆ ಬಂದಿತ್ತು. ಸಿಹಿ ಹೋಗಿ ಹಗುರಾಗಬಹುದು. ಮಟ್ಟ ಏರುವುದು ಹೇಗೆ? ಅವಳು ಗೆರೆಯನ್ನು ನೋಡಿದಳು. ಬಾಗಿಲಲ್ಲಿ ನಿಂತ ದೊಡ್ಡಪ್ಪನನ್ನು ನೋಡಿದಳು. ಅವರು ನೆಲ ನೋಡುತ್ತಿದ್ದರು. ಈಗ ಬಾಂಬು ಸಿಡಿಯಿತು ಎಂದು ನಾನು ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ! ಅವಳು ಲ್ಯಾಕ್ಟೋಮೀಟರನ್ನು ಹತ್ತಿಯಿಂದ ಹೊರಗೇ ತೆಗೆಯಲಿಲ್ಲ. ಮುಚ್ಚಳ ಹಾಕಿ, "ಸರಿಯಾಗೈತೆ, ಎತ್ಕಂಡೋಗಿ" ಅಂದಳು.

ಸರಿಯಾಗಿತ್ತೇ? ಬೀಗರನ್ನು ಕೇಳಬೇಕು. ಚಕ್ಕೋತದ ಘಮಕ್ಕೆ ಮೊದಲು ಎಲ್ಲರ ಮುಖ ಅರಳಿತು. ಎರಡನೆಯ ಲೋಟಕ್ಕೆ ಹುಬ್ಬು ಗಂಟಾಯಿತು. ಗಂಡಿನ ಸೋದರಮಾವನಂತೂ ಲೋಟದ ಮೇಲೆ ಲೋಟ ಇಳಿಸಿ, "ಅಕ್ಕಾ, ಹೊಟ್ಟೆ ತುಂಬ್ತೈತೆ, ತಲೆಗೆ ಮಾತ್ರ ಸುದ್ದೀನೇ ಮುಟ್ತಿಲ್ಲ. ಇದು ಬಿಯರ್ರಾ, ಎಳ್ನೀರಾ?" ಎಂದು ಗೋಳಾಡಿದರು. "ಕುಡೀರಣ್ಣಾ, ಕಿಡ್ನಿಗೆ ಒಳ್ಳೇದು" ಎನ್ನುತ್ತಾ ದೊಡ್ಡಮ್ಮ ಇನ್ನೊಂದು ಲೋಟ ಬಗ್ಗಿಸಿದಳು. ತಂಗಿಯ ಗಂಡನ ಗೆಳೆಯನೊಬ್ಬ, "ಗುರು, ಇದನ್ನ ಕುಡಿದು ಡ್ಯಾನ್ಸ್ ಮಾಡಕ್ಕಾಗಲ್ಲ, ಪರೀಕ್ಷೆ ಬೇಕಾದ್ರೆ ಬರೀಬೌದು" ಅಂದ. ನಕ್ಕರು, ಆಡಿಕೊಂಡರು, ಆದರೆ ತೋಪಿನ ಕಡೆ ಮಾತ್ರ ಯಾರೂ ಹೋಗಲಿಲ್ಲ. ಚಕ್ಕೋತದ ಬಿಯರು, ಕುರಿಯ ಬಾಡು, ಮುದ್ದೆ, ಕೊನೆಗೆ ಬಾಳೆಹಣ್ಣು. ತಿಂದವರಿಗೆ ಜಾಗ ಬಿಟ್ಟು ಏಳಲಾಗುತ್ತಿರಲಿಲ್ಲ.

ಹೊರಡುವಾಗ ದೊಡ್ಡಮ್ಮ ಗೇಟಿನಲ್ಲಿ ನಿಂತು, ತಾಂಬೂಲ ಕೊಟ್ಟು ಪ್ರತಿಯೊಬ್ಬರಿಂದಲೂ ಮಾತು ತೆಗೆದುಕೊಂಡಳು: ಮನೆ ಸೇರಿದ ಕೂಡಲೇ ಫೋನ್ ಮಾಡಬೇಕು. ಆಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಳು. ಅವಳು ಊಟ ಮಾಡಿರಲಿಲ್ಲ. ಕರೆಯಲು ಹೋದವರಿಗೆ ಬೈಗುಳವಾಯಿತು. ಒಂದೊಂದಾಗಿ ಫೋನ್ ಬರತೊಡಗಿತು. ಪ್ರತಿ ಸಲವೂ, "ಸೇರ್ಕಂಡ್ರಾ? ಸರಿ, ನೀರು ಕುಡುದು ಮಲೀಕಳಿ" ಅನ್ನುತ್ತಿದ್ದಳು. ಮಗಳು, ಅಳಿಯ ಕೂಡ ಸೇರಿದ್ದಾಯಿತು. ಉಳಿದದ್ದು ಸೋದರಮಾವ ಒಬ್ಬರೇ. ಸ್ಕೂಟರಿನಲ್ಲಿ ಹೊರಟವರು, ಇಷ್ಟು ಹೊತ್ತಿಗೆ ಸೇರಿರಬೇಕಿತ್ತು. ನಾನು ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ದೊಡ್ಡಪ್ಪ ಟಿವಿಎಸ್ ಹತ್ತಿ ಕೆರೆ ಏರಿಯ ರಸ್ತೆ ಹಿಡಿದರು. ಬಿಸಿಲು ಇಳಿಯುತ್ತಿತ್ತು. ಎಂಜಲೆಲೆ ತೆಗೆಯುತ್ತಿದ್ದವರು ಕೂಡ ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಾ ನಿಂತರು. "ನಾನೇ ಕೊಟ್ಟಿದ್ದು. ನನ್ನ ಕೈಯಾರ ನಾನೇ ಕೊಟ್ಟಿದ್ದು" ಎಂದು ದೊಡ್ಡಮ್ಮ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ.

ಫೋನ್ ಬಂತು. ದೊಡ್ಡಪ್ಪನದು. ಅವಳು ಎತ್ತಲಿಲ್ಲ; ಕೆಂಡ ಮುಟ್ಟಿದವಳಂತೆ ಫೋನನ್ನು ನನ್ನ ಕಡೆ ತಳ್ಳಿದಳು. ನಾನು ಎತ್ತಿದೆ. ಅತ್ತ ಕಡೆಯಿಂದ ಮಾತಿಲ್ಲ, ಏನೋ ಗರಗರ ಸದ್ದು.

"ದೊಡ್ಡಪ್ಪಾ, ಏನದು?"

"ಗೊರ್ಕೆ" ಅಂದರು ಅವರು ಪಿಸುದನಿಯಲ್ಲಿ. "ಬೀಗ್ರುದು. ತಿರುವಿನತ್ರ ಗಾಡಿ ನಿಲ್ಸಿ ಹೊಂಗೆ ಮರದ ಬುಡ್ದಲ್ಲಿ ಮಲೀಕಂಡವ್ರೆ. ಏನೂ ಆಗಿಲ್ಲ. ಬಾಡಿನ ಹೊಟ್ಟೆ, ನಿದ್ದೆ ಎಳ್ದೈತೆ. ಅವ್ಳಿಗೆ ಕೇಳ್ಸು, ನನ್ನ ಮಾತು ನಂಬಲ್ಲ."

ಫೋನನ್ನು ದೊಡ್ಡಮ್ಮನ ಕಿವಿಗೆ ಹಿಡಿದೆ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಸ್ಕೂಟಿಯ ಹಿಂದೆ ಹತ್ತಿ ಕೂತಳು.

"ಸುತ್ತಿ ಹೋಗೋಣ್ವಾ ದೊಡ್ಡಮ್ಮಾ?"

"ಬ್ಯಾಡ. ನೆಟ್ಟಗೇ ಹೋಗು."

ಏರಿಯ ಮೇಲೆ ಹೋಗುವಾಗ ಅವಳ ಹಣೆ ನನ್ನ ಬೆನ್ನಿಗೆ ಒತ್ತಿಕೊಂಡಿತ್ತು. ತಿರುವಿನಲ್ಲಿ ದೊಡ್ಡಪ್ಪ ಬೀಗರ ತಲೆಯ ಹತ್ತಿರ ಕೂತು ಟವೆಲಿನಿಂದ ನೊಣ ಓಡಿಸುತ್ತಿದ್ದರು. ಎಬ್ಬಿಸಲೆಂದು ಕೈ ಚಾಚಿದರು. ದೊಡ್ಡಮ್ಮ ಆ ಕೈಯನ್ನು ಹಿಡಿದಳು, ಹಿಡಿದುಕೊಂಡೇ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು.

"ಎಬ್ಬಿಸ್ಬ್ಯಾಡ" ಅಂದಳು. "ಎದ್ದು ಮನೆಗೋಗೋರು ಎಷ್ಟೊತ್ತು ಮಲಗಿದ್ರೇನು."